ಎ.ಸಿ. ಇಲ್ಲದ ಹಳದಿ ಕಾರಾ, ಎಲ್ಲ ಇರೋ ಮಾಮೂಲಿ ಕಾರಾ: ಒಂದು ಟೈಪ್ ಆರ್ ಖರೀದಿಯ ಪ್ರಕರಣ

ಯುರೋಪಲ್ಲಿ ಕೆಲಸ ಮಾಡ್ಕೊಂಡಿರೋ ನನ್ನ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಹೋಂಡಾ ಸಿವಿಕ್ ಟೈಪ್ ಆರ್ (ಸಿವಿಕ್ ಕಾರಿನ ಜೋರಾಗಿ ಓಡೋ ಸ್ಪೋರ್ಟ್ಸ್ ಮಾಡೆಲ್) ತಗೋಬೇಕು ಅಂತ ಹುಡುಕ್ತಿದ್ದಾಗ ಕೊನೆಗೆ ಎರಡು ಕಾರು ಉಳ್ಕೊಂಡ್ವು. ಒಂದು 2020ರ ಫೇಸ್‌ಲಿಫ್ಟ್ ಆದ ಎಫ್‌ಕೆ8 ಜಿಟಿ, ಅಂದ್ರೆ 2017ರಲ್ಲಿ ಬಂದ ತಲೆಮಾರಿನ ಮಾಮೂಲಿ ಟೈಪ್ ಆರ್. ಇನ್ನೊಂದು ಅದೇ ಕಾರಿನ ಲಿಮಿಟೆಡ್ ಎಡಿಷನ್, ಹಳದಿ ಬಣ್ಣದ್ದು, ಇಡೀ ಯುರೋಪಿಗೆ ಬರೀ 100 ಕೊಟ್ರಲ್ಲ, ಅದು. ಹಳದಿ ಕಾರಿನ ರೇಟು ಜಿಟಿಗಿಂತ ಎಷ್ಟು ಜಾಸ್ತಿ ಇತ್ತು ಅಂದ್ರೆ ಆ ವ್ಯತ್ಯಾಸದ ದುಡ್ಡಲ್ಲೇ ಮನೆಗೆ ಇನ್ನೊಂದು ಸಣ್ಣ ಕಾರು ಬರ್ತಿತ್ತು. ಅವನ ಕೈಲಿ ದುಡ್ಡಿರಲಿಲ್ಲ ಅಂತಲ್ಲ, ಎಳೆದು ಹಿಡಿದ್ರೆ ಆಗ್ತಿತ್ತು, ಆದ್ರೆ ಆಮೇಲೆ ಟೈರಿಗೆ, ಬ್ರೇಕಿಗೆ, ಟ್ರ್ಯಾಕ್ ಫೀಸಿಗೆ ಏನೂ ಉಳೀತಿರಲಿಲ್ಲ.

ಅವನ ಪರಿಸ್ಥಿತಿ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಕಾರಿನ ಬಗ್ಗೆ ಜಗಳ ಆಡೋರು ಇದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡ್ತಾರೆ. ಮನೆಗಿರೋದು ಅದೊಂದೇ ಕಾರು. ಗಂಡ, ಹೆಂಡ್ತಿ, ಸ್ಕೂಲಿಗೆ ಹೋಗೋ ಮಗಳು. ಗ್ಯಾರೇಜ್ ಇಲ್ಲ, ರಸ್ತೆ ಬದೀಲೇ ನಿಲ್ಸ್ಬೇಕು. ವಾರಪೂರ್ತಿ ಆಫೀಸಿಗೆ ಓಡಾಟ, ವರ್ಷದಲ್ಲಿ ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್ ಡೇ (ಫೀಸ್ ಕೊಟ್ಟು ರೇಸ್ ಟ್ರ್ಯಾಕಲ್ಲಿ ಸ್ವಂತ ಕಾರು ಓಡಿಸೋ ದಿನ). ಓಡಿಸೋದು ಚೆನ್ನಾಗಿ ಬರುತ್ತೆ ಅವನಿಗೆ, ಸುಮ್ನೆ ಶೋಕಿಗೆ ತಗೊಳ್ಳೋನಲ್ಲ. ಆದ್ರೂ ಆ ಹಳದಿ ಬಣ್ಣ, ನೂರರಲ್ಲಿ ಇದು ಎಷ್ಟನೇದು ಅಂತ ನಂಬರ್ ಹಾಕಿರೋ ಆ ಪ್ಲೇಟು ಅವನ ತಲೇಲಿ ಕೂತ್ಬಿಟ್ಟಿತ್ತು.

ಈಗ ಕಾರಿನ ವಿಷ್ಯಕ್ಕೆ ಬರೋಣ. ಇಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ, ಲಿಮಿಟೆಡ್ ಎಡಿಷನ್ ಅಂದ ತಕ್ಷಣ ಪವರ್ ಜಾಸ್ತಿ ಅಂದ್ಕೊಳ್ಳೋದು. ಹಂಗೇನೂ ಇಲ್ಲ. ಎರಡರಲ್ಲೂ ಅದೇ 2 ಲೀಟರ್ ಟರ್ಬೊ ಎಂಜಿನ್, ಅದೇ 320 ಪಿಎಸ್ (ಅಶ್ವಶಕ್ತಿ), ಅದೇ 400 ಎನ್ಎಂ ಟಾರ್ಕ್, ಅದೇ ಆರು ಗೇರಿನ ಮ್ಯಾನ್ಯುಯಲ್, ಮುಂದಿನ ಚಕ್ರಗಳ ನಡುವೆ ಅದೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಸುಮ್ನೆ ಸುತ್ತದ ಹಂಗೆ ತಡೆಯೋದು). 2020ರಲ್ಲಿ ಹೋಂಡಾದವ್ರು ಮಾಡಿದ ನಿಜವಾದ ಕೆಲ್ಸಗಳೂ ಎರಡಕ್ಕೂ ಬಂದ್ವು: ಮುಂದಿನ ಗ್ರಿಲ್ ಬಾಯಿ ಶೇಕಡಾ 13 ದೊಡ್ಡದಾಯ್ತು, ಮುಂದಿನ ಬ್ರೇಕ್ ಡಿಸ್ಕ್ ಎರಡು ಭಾಗದ ಫ್ಲೋಟಿಂಗ್ ಡಿಸ್ಕ್ ಆಯ್ತು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕಂಟ್ರೋಲ್ ಮಾಡೋ ಸಾಫ್ಟ್‌ವೇರ್ ರಸ್ತೆಯನ್ನ ಹತ್ತು ಪಟ್ಟು ಬೇಗ ಓದೋಕೆ ಶುರು ಮಾಡ್ತು. 2017ರ ಎಫ್‌ಕೆ8ನ ಟ್ರ್ಯಾಕಿಗೆ ತಗೊಂಡು ಹೋದೋರಿಗೆ ಗೊತ್ತು, ಬಿಸಿಲಲ್ಲಿ ನಾಲ್ಕೈದು ಲ್ಯಾಪ್ ಜೋರಾಗಿ ಹೊಡೆದ್ರೆ ಎಂಜಿನ್ ಟೆಂಪರೇಚರ್ ಏರೋದು ಆ ಕಾರಿನ ದೊಡ್ಡ ತಲೆನೋವು, ಗ್ರಿಲ್ ದೊಡ್ಡದು ಮಾಡಿದ್ದೇ ಅದಕ್ಕೆ. ಹಂಗಾಗಿ ನನ್ನ ಲೆಕ್ಕದಲ್ಲಿ 2017ರ ಜಿಟಿಗೂ 2020ರ ಜಿಟಿಗೂ ಇರೋ ಅಂತರ, 2020ರ ಜಿಟಿಗೂ ಹಳದಿ ಕಾರಿಗೂ ಇರೋ ಅಂತರಕ್ಕಿಂತ ಮುಖ್ಯವಾದದ್ದು. ಆದ್ರೆ ಮೊದಲನೇ ಅಂತರಕ್ಕೆ ಯಾರೂ ಪ್ಲೇಟ್ ಹಾಕಿ ನಂಬರ್ ಕೊಡಲ್ಲ ನೋಡಿ.

ಹಾಗಾದ್ರೆ ಲಿಮಿಟೆಡ್ ಎಡಿಷನ್ನಲ್ಲಿ ಏನಿದೆ? ಯುರೋಪಿನ ಕಾರಲ್ಲಿ 47 ಕೆಜಿ ಇಳಿಸಿದ್ದಾರೆ. ಹೆಂಗೆ ಇಳಿಸಿದ್ರು ಅಂದ್ರೆ ಎ.ಸಿ. ತೆಗೆದ್ರು, ಮಧ್ಯದ ಇನ್ಫೋಟೇನ್ಮೆಂಟ್ ಸ್ಕ್ರೀನ್ ತೆಗೆದ್ರು, ಶಬ್ದ ತಡೆಯೋ ಮೆಟೀರಿಯಲ್ನ ಅಲ್ಲಲ್ಲಿ ಕಿತ್ರು, ಬಿಬಿಎಸ್ ಕಂಪನಿಯ ಹಗುರವಾದ ಫೋರ್ಜ್ಡ್ ವೀಲ್ ಹಾಕಿದ್ರು. ಟೈರು ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಟ್ರ್ಯಾಕನ್ನ ಮನಸಲ್ಲಿಟ್ಕೊಂಡು ಮಾಡಿದ್ದು. ಆ ಟೈರಿಗೆ ಸರಿಹೊಂದೋ ಹಂಗೆ ಡ್ಯಾಂಪರು, ಸ್ಟೀರಿಂಗು ಎರಡರದ್ದೂ ಟ್ಯೂನಿಂಗ್ ಬದಲಾಯಿಸಿದ್ರು. ಹಳದಿ ಪೇಂಟ್, ಕಪ್ಪು ಛಾವಣಿ, ಆ ನಂಬರ್ ಹಾಕಿರೋ ಪ್ಲೇಟು. ಅಷ್ಟೇ. ಅಮೆರಿಕದಲ್ಲಿ ಇದೇ ಹೆಸರಲ್ಲಿ 600 ಕಾರು ಮಾರಿದ್ರು, ಅದರಲ್ಲಿ ಎ.ಸಿ. ಸ್ಕ್ರೀನ್ ಎರಡೂ ಇತ್ತು, ಅದಕ್ಕೇ ಅಲ್ಲಿ ತೂಕ ಇಳಿದಿದ್ದೂ ಕಮ್ಮಿ. ಆದ್ರಿಂದ ಇಂಟರ್ನೆಟ್ಟಲ್ಲಿ ಯಾರೋ ಅಮೆರಿಕದೋನು "ದಿನಾ ಓಡಿಸ್ತೀನಿ, ಏನೂ ತೊಂದ್ರೆ ಇಲ್ಲ" ಅಂದದ್ದನ್ನ ಓದ್ಕೊಂಡು ಯುರೋಪಿನ ಕಾರು ತಗೊಂಡ್ರೆ ಕಥೆ ಬೇರೆನೇ ಆಗುತ್ತೆ. ಗೆಳೆಯ ಓದ್ತಿದ್ದದ್ದು ಅಂಥವನ್ನೇ.

ನಾನು ಅವನಿಗೆ ಹೇಳಿದ್ದು ಒಂದೇ ಕೆಲ್ಸ. ಒಂದು ಹಾಳೆ ತಗೋ, ಹಳದಿ ಕಾರಲ್ಲಿರೋ ಒಂದೊಂದು ವಸ್ತುವನ್ನೂ ಬರಿ, ಅದರ ಎದುರಿಗೆ ಎರಡು ಪ್ರಶ್ನೆ ಹಾಕು. ಇದನ್ನ ಜಿಟಿಗೆ ಆಮೇಲೆ ದುಡ್ಡು ಕೊಟ್ಟು ಹಾಕಿಸ್ಕೊಳ್ಳೋಕೆ ಆಗುತ್ತಾ? ಹಳದಿ ಕಾರಲ್ಲಿ ತೆಗೆದಿರೋದನ್ನ ಬೇಕಂದ್ರೆ ವಾಪಸ್ ಹಾಕಿಸೋಕೆ ಆಗುತ್ತಾ?

ಬರೆದು ನೋಡಿದ್ರೆ ಪಟ್ಟಿ ತಾನೇ ಮಾತಾಡೋಕೆ ಶುರು ಮಾಡ್ತು. ಟೈರು: ಜಿಟಿ ಮೇಲಿರೋದೂ 245/30 ಆರ್20 (245 ಮಿ.ಮೀ. ಅಗಲ, 20 ಇಂಚಿನ ರಿಮ್), ಅದೇ ಸೈಜಲ್ಲಿ ಕಪ್ 2 ಸಿಗುತ್ತೆ, ಒಂದು ಮಧ್ಯಾಹ್ನದ ಕೆಲ್ಸ. ವೀಲು: ಫೋರ್ಜ್ಡ್ ವೀಲ್ ಮಾಡೋರು ಬೇಕಾದಷ್ಟು ಜನ ಇದ್ದಾರೆ, ಅದರಲ್ಲೂ ಈ ಕಾರಿನ ಮುಂದಿನ ದೊಡ್ಡ ಬ್ರೇಕಿಗೆ ತಾಗದೇ ಕೂರೋ 18 ಇಂಚಿನವು ಸಿಗ್ತವೆ, ಅದಕ್ಕೆ 265/35 ಟೈರು ಹಾಕಿದ್ರೆ ಅಗಲವೂ ಜಾಸ್ತಿ, ಟೈರಿನ ರೇಟೂ ಕಮ್ಮಿ, ಹೊಂಡಕ್ಕೆ ಬಿದ್ರೆ ರಿಮ್ ಉಳಿಯೋ ಚಾನ್ಸೂ ಜಾಸ್ತಿ. ಚಕ್ರದ ತೂಕ ಇಳಿಸೋದು ಸೀಟಿನ ಕೆಳಗಿನ ಕಾರ್ಪೆಟ್ ತೂಕ ಇಳಿಸಿದ ಹಂಗಲ್ಲ, ಸ್ಪ್ರಿಂಗಿನ ಕೆಳಗಿರೋ ತೂಕ ಅದು, ಅದು ಕಮ್ಮಿಯಾದಷ್ಟೂ ಡ್ಯಾಂಪರಿಗೆ ಚಕ್ರವನ್ನ ರಸ್ತೆಗೆ ಒತ್ತಿ ಹಿಡಿಯೋದು ಸುಲಭ, ಮೇಲಿಂದ ಅದು ತಿರುಗೋ ತೂಕ ಬೇರೆ, ಆಕ್ಸಿಲರೇಟರ್ ಒತ್ತಿದಾಗ್ಲೂ ಬ್ರೇಕ್ ಒತ್ತಿದಾಗ್ಲೂ ಅದನ್ನ ಓಡಿಸ್ಬೇಕು, ನಿಲ್ಲಿಸ್ಬೇಕು. ಅಂದ್ರೆ ಹಳದಿ ಕಾರಿನ ಅತಿ ಒಳ್ಳೇ ಗುಣ ಅಂತ ಯಾವುದನ್ನ ಹೇಳ್ತಾರೋ ಅದನ್ನ ಜಿಟಿಗೆ 18 ಇಂಚಿನ ಹಗುರ ವೀಲ್ ಹಾಕಿ ಪಡೀಬಹುದು, ಒಳ್ಳೇ ಸೆಟ್ ಸಿಕ್ರೆ ಇನ್ನೂ ಒಂದು ಕೈ ಮೇಲೆ.

ಶಬ್ದ ತಡೆಯೋ ಮೆಟೀರಿಯಲ್: ಬೇಕಂದ್ರೆ ಜಿಟಿಯಿಂದಲೂ ಕೀಳಬಹುದು, ಯಾರು ಬೇಡ ಅಂದ್ರು. ಬಣ್ಣ: ಪಿಪಿಎಫ್ (ಪೇಂಟ್ ಕಾಪಾಡೋ ಫಿಲ್ಮ್) ಅಂಗಡಿಯೋರು ಯಾವ ಬಣ್ಣದ ಫಿಲ್ಮ್ ಬೇಕಾದ್ರೂ ಹಾಕ್ತಾರೆ.

ಉಳಿದದ್ದು ಎರಡು. ಒಂದು ಡ್ಯಾಂಪರ್ ಮತ್ತು ಸ್ಟೀರಿಂಗ್ ಟ್ಯೂನಿಂಗ್. ಇದು ಆಮೇಲೆ ಕೊಂಡು ಹಾಕೋ ಐಟಂ ಅಲ್ಲ, ಫ್ಯಾಕ್ಟರಿಯ ಜನ ಆ ಟೈರ್ ಇಟ್ಕೊಂಡೇ ಕೂತು ಹೊಂದಿಸಿದ್ದು, ಇದನ್ನ ನಾನು ಸಲೀಸಾಗಿ ತಳ್ಳಿಹಾಕಲ್ಲ. ಓಡಿಸಿ ನೋಡ್ದಾಗ ಹಳದಿ ಕಾರಿನ ಸ್ಟೀರಿಂಗ್ ತಿರುವಿನ ಒಳಗೆ ಹೋಗೋವಾಗ ಕೈಗೆ ಇನ್ನೊಂಚೂರು ಜಾಸ್ತಿ ಮಾತಾಡ್ತಿತ್ತು, ಅದು ನಂಗೂ ಗೊತ್ತಾಯ್ತು. ಆದ್ರೆ ಅದರಲ್ಲಿ ಟೈರಿನ ಪಾಲೆಷ್ಟು ಸಾಫ್ಟ್‌ವೇರಿನ ಪಾಲೆಷ್ಟು ಅಂತ ಬಿಡಿಸಿ ಹೇಳೋನು ನನಗಿಂತ ದೊಡ್ಡ ಡ್ರೈವರ್ ಆಗಿರ್ಬೇಕು. ಎರಡನೇದು ಆ ನಂಬರ್ ಹಾಕಿರೋ ಪ್ಲೇಟು. ಅದನ್ನ ಎಲ್ಲೂ ಕೊಂಡು ತರೋಕಾಗಲ್ಲ, ಕೊಂಡು ತಂದ್ರೂ ಅದಕ್ಕೆ ಅರ್ಥ ಇಲ್ಲ.

ಅಂದ್ರೆ ಬೆಲೆಯ ಅಷ್ಟೂ ವ್ಯತ್ಯಾಸವನ್ನ ಅವನು ಕೊಡ್ತಿದ್ದದ್ದು ಒಂದು ಸಾಫ್ಟ್‌ವೇರ್ ಟ್ಯೂನಿಂಗಿಗೆ ಮತ್ತೆ ಒಂದು ಪ್ಲೇಟಿಗೆ.

ಎರಡನೇ ಪ್ರಶ್ನೆ ಇನ್ನೂ ಕೆಟ್ಟದಾಗಿತ್ತು. ತೆಗೆದಿರೋದನ್ನ ವಾಪಸ್ ಹಾಕೋಕಾಗುತ್ತಾ? ಎ.ಸಿ. ಅನ್ನೋದು ಡ್ಯಾಶ್‌ಬೋರ್ಡಲ್ಲಿರೋ ಒಂದು ಬಟನ್ ಅಲ್ಲ. ಕಂಪ್ರೆಸರ್, ಕಂಡೆನ್ಸರ್, ಪೈಪು, ಡ್ಯಾಶ್ ಒಳಗಡೆ ಇವಾಪರೇಟರು, ವೈರಿಂಗು, ಕಂಟ್ರೋಲ್ ಯೂನಿಟ್ಟು. ಅಷ್ಟನ್ನೂ ಆಮೇಲೆ ಹಾಕಿಸೋಕೆ ಅರ್ಧ ಕಾರು ಬಿಚ್ಚಬೇಕು, ಬಿಚ್ಚಿ ಹಾಕಿಸಿದ್ರೆ ಅದು ಒರಿಜಿನಲ್ ಲಿಮಿಟೆಡ್ ಎಡಿಷನ್ನಾಗಿ ಉಳಿಯಲ್ಲ, ಮಾರೋವಾಗ ಕೊಟ್ಟ ದುಡ್ಡಿಗೆ ಅರ್ಥ ಇರಲ್ಲ. ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ.

ಎ.ಸಿ. ಬಗ್ಗೆ ಇನ್ನೊಂದು ಮಾತು, ಇದನ್ನ ಬಹಳ ಜನ ತಪ್ಪಾಗಿ ತಿಳ್ಕೊಂಡಿದ್ದಾರೆ. "ತಣ್ಣನೆ ದೇಶದಲ್ಲಿ ಎ.ಸಿ. ಯಾಕೆ, ಕಿಟಕಿ ಇಳಿಸಿದ್ರಾಯ್ತು" ಅಂತ ಗೆಳೆಯನೂ ಅಂದ. ತಣ್ಣನೆ ದೇಶದಲ್ಲೇ ಅದು ಜಾಸ್ತಿ ಬೇಕಾಗೋದು ಮಾರಾಯ. ಇವಾಪರೇಟರ್ ತಣ್ಣಗಿರೋದ್ರಿಂದ ಗಾಳೀಲಿರೋ ತೇವ ಅದರ ಮೇಲೆ ನೀರಾಗಿ ಇಳಿದು ಕಾರಿನ ಕೆಳಗೆ ಸೋರಿ ಹೋಗುತ್ತೆ, ಹಂಗೆ ಒಣಗಿದ ಗಾಳಿಯನ್ನ ಬಿಸಿ ಮಾಡಿ ಗಾಜಿಗೆ ಊದಿದ್ರೆ ಮಂಜು ಬೇಗ ಬಿಡುತ್ತೆ. ಎ.ಸಿ. ಇಲ್ಲದಿದ್ರೆ ಹೊರಗಿನ ತೇವದ ಗಾಳಿಯನ್ನೇ ಬಿಸಿ ಮಾಡಿ ಊದೋದು. ಹೀಟರ್ ಪೂರ್ತಿ ಬಿಸಿಯಾದ್ಮೇಲೆ ಹೆಂಗೋ ನಡೆಯುತ್ತೆ, ಆದ್ರೆ ಬೆಳಗ್ಗೆ ತಣ್ಣನೆ ಎಂಜಿನ್, ಹೊರಗೆ ಮಳೆ, ಒಳಗೆ ಮೂರು ಜನ, ಒದ್ದೆ ಜಾಕೆಟ್ಟು, ಸ್ಕೂಲ್ ಬ್ಯಾಗು, ಆಗ ಗಾಜು ಒರೆಸ್ಕೊಂಡೇ ಓಡಿಸ್ಬೇಕು. ಹಳದಿ ಕಾರು ನೋಡೋಕೆ ಹೋದ ದಿನ ಜಿನುಗು ಮಳೆ ಇತ್ತು, ಮಾರೋರು, ಇವನು, ಹಿಂದೆ ನಾನು, ಮೂರು ಜನ ಬಾಗಿಲು ಹಾಕ್ಕೊಂಡು ಐದು ನಿಮಿಷ ಹೋಗೋದ್ರೊಳಗೆ ಪಕ್ಕದ ಗಾಜೆಲ್ಲ ಬೆಳ್ಳಗಾಗಿತ್ತು. ಮಾರೋರು ಪಾಪ ಒಳ್ಳೇ ಮನುಷ್ಯ, ಜೇಬಿಂದ ಮೈಕ್ರೋಫೈಬರ್ ಬಟ್ಟೆ ತೆಗೆದು ಕೊಟ್ರು. ಯಾವಾಗ್ಲೂ ಇಟ್ಕೊಂಡಿರ್ತಾರಂತೆ.

ಕಪ್ 2 ಟೈರಿನದ್ದೂ ಅದೇ ಕಥೆ. ಒಣ ರಸ್ತೇಲಿ, ಬಿಸಿಯಾದ್ಮೇಲೆ, ಅದರ ಹಿಡಿತಕ್ಕೆ ಮಾತೇ ಇಲ್ಲ. ಆದ್ರೆ ಟ್ರೆಡ್ ಆಳ ಕಮ್ಮಿ, ನೀರು ಹೊರಗೆ ತಳ್ಳೋ ಗ್ರೂವ್ ಕಮ್ಮಿ, ನಿಂತ ನೀರಲ್ಲಿ ವೇಗ ಇದ್ರೆ ತೇಲೋಕೆ ಶುರು ಮಾಡುತ್ತೆ, ಚಳೀಲಿ ರಬ್ಬರ್ ಗಟ್ಟಿಯಾಗಿರುತ್ತೆ. ವರ್ಷಪೂರ್ತಿ ಓಡಿಸೋನು ಹೆಂಗಿದ್ರೂ ಇನ್ನೊಂದು ಸೆಟ್ ಟೈರ್ ಇಟ್ಕೊಳ್ಳಲೇಬೇಕು. ಆ ಇನ್ನೊಂದು ಸೆಟ್ ಹಾಕಿದ ದಿನ, ಕಪ್ 2ಗೆ ಅಂತಲೇ ಮಾಡಿದ ಆ ಟ್ಯೂನಿಂಗಿನ ಮಾತೇನಾಯ್ತು? ಇದಕ್ಕೆ ಗೆಳೆಯನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಗೆಳೆಯ ಸುಜುಕಾ ರೆಕಾರ್ಡಿನ ಮಾತು ತೆಗೆದ, ಜಪಾನಿನ ಆ ರೇಸ್ ಟ್ರ್ಯಾಕಲ್ಲಿ ಮುಂದಿನ ಚಕ್ರದಿಂದ ಓಡೋ ಕಾರುಗಳ ರೆಕಾರ್ಡು. 2020ರಲ್ಲಿ ಈ ಲಿಮಿಟೆಡ್ ಎಡಿಷನ್ ಸುಜುಕಾದಲ್ಲಿ 2 ನಿಮಿಷ 23.993 ಸೆಕೆಂಡಲ್ಲಿ ಲ್ಯಾಪ್ ಮುಗಿಸ್ತು, ಅದಕ್ಕೂ ಮುಂಚೆ ರೆನೊ ಮೆಗಾನ್ ಟ್ರೋಫಿ ಆರ್ ಮಾಡಿದ್ದು 2:25.454. ಒಂದೂವರೆ ಸೆಕೆಂಡ್ ಕಮ್ಮಿ, ಆ ಮಟ್ಟದಲ್ಲಿ ಅದು ದೊಡ್ಡ ಅಂತರನೇ, ಇಲ್ಲ ಅನ್ನಲ್ಲ. ಆದ್ರೆ 2022ರಲ್ಲಿ ಬಂದ ಮುಂದಿನ ತಲೆಮಾರಿನ ಎಫ್ಎಲ್5, ಯಾವ ಲಿಮಿಟೆಡ್ಡೂ ಅಲ್ಲದ ಮಾಮೂಲಿ ಟೈಪ್ ಆರ್, ಎ.ಸಿ. ಸ್ಕ್ರೀನ್ ಎಲ್ಲ ಇರೋ ಮಾಡೆಲ್ಲು, ಅದೇ ಸುಜುಕಾದಲ್ಲಿ 2:23.120 ಮಾಡ್ತು. ರೆಕಾರ್ಡಿಗೋಸ್ಕರ ದುಡ್ಡು ಕೊಟ್ರೆ ಅದು ಎರಡೇ ವರ್ಷ ಬಾಳಿಕೆ ಬರೋ ಸರಕು.

47 ಕೆಜಿ ಲೆಕ್ಕವೂ ಹಾಕಿದ್ವಿ. ಸುಮಾರು 1400 ಕೆಜಿ ಕಾರಲ್ಲಿ ಅದು ಶೇಕಡಾ ಮೂರೂ ಚಿಲ್ಲರೆ. ಪೆಟ್ರೋಲ್ ಟ್ಯಾಂಕ್ ಫುಲ್ ಇರೋದಕ್ಕೂ ಖಾಲಿ ಇರೋದಕ್ಕೂ 30 ಕೆಜಿ ಮೇಲೆ ವ್ಯತ್ಯಾಸ ಇದೆ. ಇವನು ಟ್ರ್ಯಾಕಿಗೆ ಹೋಗೋವಾಗ ಪಕ್ಕದ ಸೀಟಲ್ಲಿ ನನ್ನನ್ನ ಕೂರಿಸ್ಕೊಳ್ತಾನೆ, ನಾನು 47 ಕೆಜಿ ಇದ್ದದ್ದು ಹೈಸ್ಕೂಲಲ್ಲಿ.

ಇಲ್ಲಿಗೆ ಬರೋ ಹೊತ್ತಿಗೆ ಅವನು ಸ್ವಲ್ಪ ಸಿಟ್ಟಾಗಿ "ಹಂಗಾದ್ರೆ ಸ್ಪೆಷಲ್ ಎಡಿಷನ್ ಅನ್ನೋದೆಲ್ಲ ಬರೀ ಮೋಸನಾ" ಅಂದ. ಅಲ್ಲಪ್ಪ. ಅದೇ ಎರಡು ಪ್ರಶ್ನೆ ಬೇರೆ ಕಾರಿಗೆ ಕೇಳಿದ್ರೆ ಬೇರೆ ಉತ್ತರ ಬರುತ್ತೆ. 2005ರ ರೆನೊ ಕ್ಲಿಯೊ 182 ಟ್ರೋಫಿ ತಗೊಳ್ಳಿ, ಬ್ರಿಟನ್ನಿಗೆ 500, ಸ್ವಿಟ್ಜರ್ಲೆಂಡಿಗೆ 50 ಮಾಡಿದ್ರು. ಎಂಜಿನ್ ಮಾಮೂಲಿ 182ನದ್ದೇ, ಆದ್ರೆ ಅದಕ್ಕೆ ಸ್ಯಾಕ್ಸ್ ಕಂಪನಿಯ ಪ್ರತ್ಯೇಕ ರಿಸರ್ವಾಯರ್ ಇರೋ ಡ್ಯಾಂಪರ್ ಹಾಕಿದ್ರು, ಆ ಬೆಲೆಯ ಸಣ್ಣ ಕಾರಲ್ಲಿ ಯಾರೂ ಹಾಕ್ತಿರಲಿಲ್ಲ ಅಂಥದ್ದನ್ನ. ಅಲ್ಲಿ ಜಾಸ್ತಿ ದುಡ್ಡಿಗೆ ಸಿಗೋದು ಒಂದು ಗಟ್ಟಿ ವಸ್ತು, ಕಿತ್ತು ಹಾಕಿರೋದು ಏನೂ ಇಲ್ಲ, ಮಾಮೂಲಿ ಕಾರಿನ ಹಂಗೇ ದಿನಾ ಓಡಿಸಬಹುದು. ಅದನ್ನ ಕೇಳಿದ್ರೆ ನಾನು ಕಣ್ಮುಚ್ಚಿ ಟ್ರೋಫಿ ತಗೋ ಅಂತಿದ್ದೆ. (ಈಗ ಆ ಡ್ಯಾಂಪರ್ ರಿಪೇರಿಗೆ ಬಂದ್ರೆ ಬಿಲ್ ನೋಡಿ ತಲೆ ತಿರುಗುತ್ತೆ, ಅದು ಬೇರೆ ಮಾತು.)

ಅದರ ಉಲ್ಟಾ 2010ರ ಫೋರ್ಡ್ ಫೋಕಸ್ ಆರ್ಎಸ್500. 500 ಕಾರು, ಮ್ಯಾಟ್ ಕಪ್ಪು ಫಿಲ್ಮ್, ಮಾಮೂಲಿ ಆರ್ಎಸ್‌ನ 305 ಪಿಎಸ್ ಇದರಲ್ಲಿ 350 ಆಯ್ತು, ದೊಡ್ಡ ಇಂಟರ್‌ಕೂಲರ್, ಎಕ್ಸಾಸ್ಟ್ ಪೈಪ್, ಪೆಟ್ರೋಲ್ ಪಂಪ್. ಸಕತ್ ಕಾರು. ಆದ್ರೆ ಆಮೇಲೆ ಮೌಂಟ್ಯೂನ್ ಅನ್ನೋ ಟ್ಯೂನಿಂಗ್ ಕಂಪನಿಯವ್ರು ಮಾಮೂಲಿ ಆರ್ಎಸ್‌ಗೆ 350 ಪಿಎಸ್ ಕೊಡೋ ಕಿಟ್ ಮಾರೋಕೆ ತಂದ್ರು. ಓಡಿಸೋನಿಗೆ ಎರಡರ ನಡುವೆ ಉಳಿದದ್ದು ಕಪ್ಪು ಫಿಲ್ಮು ಮತ್ತೆ ಪ್ಲೇಟು. ಕಲೆಕ್ಟರಿಗೆ ಮಾತ್ರ ಉಳಿದದ್ದು ಬಹಳ, ಆರ್ಎಸ್500 ರೇಟು ಇವತ್ತಿಗೂ ಮಾಮೂಲಿ ಆರ್ಎಸ್‌ಗಿಂತ ಎಷ್ಟೋ ಮೇಲಿದೆ.

ಇನ್ನು ಮೆಗಾನ್ ಆರ್26.ಆರ್, ಗಾಲ್ಫ್ ಜಿಟಿಐ ಕ್ಲಬ್‌ಸ್ಪೋರ್ಟ್ ಎಸ್, 2019ರ ಮೆಗಾನ್ ಟ್ರೋಫಿ ಆರ್, ಇವೆಲ್ಲ ಹಿಂದಿನ ಸೀಟನ್ನೇ ಕಿತ್ತು ಹಾಕಿರೋ ಕಾರುಗಳು. ಟ್ರೋಫಿ ಆರ್‌ನಲ್ಲಿ 130 ಕೆಜಿ ಇಳಿಸಿದ್ರು, ಹಿಂದಿನ ಚಕ್ರ ತಿರುಗಿಸೋ ಸಿಸ್ಟಮ್ಮನ್ನೂ ತೆಗೆದ್ರು. ಅಲ್ಲಿ ಗೊಂದಲವೇ ಇಲ್ಲ, ಮಗಳಿರೋ ಮನೆಗೆ ಅದು ಆಗಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಟೈಪ್ ಆರ್ ಲಿಮಿಟೆಡ್ ಎಡಿಷನ್ ಮೋಸ ಮಾಡೋದು ಇಲ್ಲೇ: ಹಿಂದೆ ಸೀಟಿದೆ, ಐದು ಬಾಗಿಲಿದೆ, ದೊಡ್ಡ ಡಿಕ್ಕಿ ಇದೆ, ಮನೆ ಕಾರಿನ ಹಂಗೇ ಕಾಣುತ್ತೆ.

ದುಡ್ಡಿನ ಕಡೆ ಅವನ ವಾದ ಇದ್ದದ್ದು "ಹಳದಿ ಕಾರು ರೇಟ್ ಕಳ್ಕೊಳ್ಳಲ್ಲ" ಅಂತ. ಇದು ಅರ್ಧ ನಿಜ. ರೇಟ್ ಕಳ್ಕೊಳ್ಳದೇ ಇರೋದು ಕಮ್ಮಿ ಓಡಿದ, ಗ್ಯಾರೇಜಲ್ಲಿಟ್ಟ, ಒರಿಜಿನಲ್ ವೀಲು, ಒರಿಜಿನಲ್ ಪೇಂಟು, ಸರ್ವೀಸ್ ಬುಕ್ ಎಲ್ಲ ಇರೋ ಕಾರು. ರಸ್ತೆ ಬದೀಲಿ ನಿಂತು, ದಿನಾ ಆಫೀಸಿಗೆ ಹೋಗಿ, ಟ್ರ್ಯಾಕಲ್ಲಿ ಮುಂದಿನ ಬಂಪರಿಗೆ ಕಲ್ಲು ಹೊಡೆಸ್ಕೊಂಡ ಕಾರಿಗೆ ಆ ಮಾತು ಅನ್ವಯಿಸಲ್ಲ. ಓಡಿಸಿದ್ರೆ ಕೊಟ್ಟ ಜಾಸ್ತಿ ದುಡ್ಡು ಕಿಲೋಮೀಟರ್ ಲೆಕ್ಕದಲ್ಲಿ ಕರಗುತ್ತೆ, ಓಡಿಸದಿದ್ರೆ ಕಾರ್ ಯಾಕೆ ತಗೊಂಡೆ? ಇನ್ಶೂರೆನ್ಸ್ ಬೇರೆ ಇದೆ. ಮಾಮೂಲಿ ಪಾಲಿಸೀಲಿ ಏನಾದ್ರೂ ಕಾರು ರಿಪೇರಿ ಆಗದಷ್ಟು ಜಖಂ ಆದ್ರೆ ಕಂಪನಿಯೋರು ಇದನ್ನ ಒಂದು ಟೈಪ್ ಆರ್ ಅಂತ ಲೆಕ್ಕ ಹಾಕಿ ದುಡ್ಡು ಕೊಡೋ ಸಾಧ್ಯತೆ ಇರುತ್ತೆ, ಮುಂಚೇನೇ ಬೆಲೆ ಒಪ್ಕೊಂಡು ಬರೆಸೋ ಪಾಲಿಸಿ ಮಾಡಿಸ್ಬೇಕು, ಅಂಥ ಪಾಲಿಸಿ ಕೊಡೋರು ಸಾಮಾನ್ಯವಾಗಿ ಗ್ಯಾರೇಜ್ ಇದೆಯಾ, ವರ್ಷಕ್ಕೆ ಎಷ್ಟು ಓಡಿಸ್ತೀರ, ಮನೇಲಿ ಇನ್ನೊಂದು ಕಾರಿದೆಯಾ ಅಂತ ಕೇಳ್ತಾರೆ. ಇವನದ್ದು ಮೂರಕ್ಕೂ ತಪ್ಪು ಉತ್ತರ.

ಕೊನೇ ಏಟು ಕೊಟ್ಟಿದ್ದು ನಾನಲ್ಲ, ಅವನ ಹೆಂಡ್ತಿ. ಊಟಕ್ಕೆ ಕೂತಿದ್ದಾಗ ಇಷ್ಟನ್ನೂ ಕೇಳಿಸ್ಕೊಂಡು ನನ್ನ ಕಡೆ ತಿರುಗಿ, "ಅಲ್ಲಾ ಅಣ್ಣ, ಎ.ಸಿ. ಇರೋದಕ್ಕೆ ಜಾಸ್ತಿ ದುಡ್ಡು ಕೊಡೋದು ನೋಡಿದೀನಿ, ಕಿತ್ತಿರೋದಕ್ಕೂ ಕೊಡ್ತಾರಾ? ಇವ್ರಿಗೆ ಹಳದಿ ಬಣ್ಣ ಇಷ್ಟ ಅಂತ ನೆಟ್ಟಗೆ ಹೇಳೋಕೇನು" ಅಂದ್ರು. ಗೆಳೆಯ ಸಾರಿನ ಪಾತ್ರೆ ಕಡೆ ನೋಡ್ದ.

ತಗೊಂಡದ್ದು ಜಿಟಿ, ನೀಲಿ ಬಣ್ಣದ್ದು. ಅದಕ್ಕೆ ಮುಂಚೆ ಸ್ಪೋರ್ಟ್ ಲೈನ್ ಅಂತ 2020ರಲ್ಲೇ ಬಂದ ಇನ್ನೊಂದು ಮಾಡೆಲ್ ಕೂಡ ನೋಡಿದ್ವಿ, ಅದು ಹಳದಿ ಕಾರಿಗೆ ಸರಿಯಾಗಿ ವಿರುದ್ಧ ದಿಕ್ಕು: 19 ಇಂಚಿನ ವೀಲು, ಚಿಕ್ಕ ಸ್ಪಾಯ್ಲರು, ಶಬ್ದ ತಡೆಯೋ ಮೆಟೀರಿಯಲ್ ಇನ್ನೂ ಜಾಸ್ತಿ. ಮನೆಯವರಿಗೆ ಅದೇ ಇಷ್ಟ ಆಗಿತ್ತು, ನಂಗೂ ದಿನದ ಬಳಕೆಗೆ ಅದೇ ಸರಿ ಅನ್ಸಿತ್ತು, ಆದ್ರೆ ಸಿಕ್ಕ ಕಾರಿನ ಸರ್ವೀಸ್ ಹಿಸ್ಟರಿ ಮಧ್ಯದಲ್ಲಿ ಖಾಲಿ ಇತ್ತು, ಬಿಟ್ವಿ. ಜಿಟಿ ತಗೊಳ್ಳೋವಾಗ ಎರಡನೇ ಗೇರಿಗೆ ಜೋರಾಗಿ ಹಾಕಿ ಕರ್ ಅನ್ನುತ್ತಾ ಅಂತ ಕೇಳಿಸ್ಕೊಂಡ್ವಿ, ಮುಂದಿನ ಟೈರಿನ ಒಳ ಅಂಚು ಸವೆದಿದೆಯಾ ನೋಡಿದ್ವಿ, 20 ಇಂಚಿನ ರಿಮ್ಮನ್ನ ಒಳಗಡೆಯಿಂದ ಟಾರ್ಚ್ ಬಿಟ್ಟು ಸೀಳು ಇದೆಯಾ ಅಂತ ಪರೀಕ್ಷೆ ಮಾಡಿದ್ವಿ. ಇಷ್ಟು ತೆಳ್ಳಗಿನ 30 ಪ್ರೊಫೈಲ್ ಟೈರಿರೋ ಕಾರಲ್ಲಿ ಈ ಕೊನೇದನ್ನ ಬಿಡ್ಲೇಬಾರ್ದು.

ಉಳಿದ ದುಡ್ಡಲ್ಲಿ ಟ್ರ್ಯಾಕಿಗೆ ಅಂತ 18 ಇಂಚಿನ ಫೋರ್ಜ್ಡ್ ವೀಲ್ ಒಂದು ಸೆಟ್ಟು, ಅದಕ್ಕೆ 265 ಅಗಲದ ಕಪ್ 2. ಬ್ರೇಕಿಗೆ ಜಾಸ್ತಿ ಬಿಸಿ ತಡೆಯೋ ಪ್ಯಾಡು, ಹೊಸ ಫ್ಲೂಯಿಡ್ಡು. ಅಷ್ಟಾದ್ರೂ ಹಳದಿ ಕಾರಿನ ರೇಟಿನ ಹತ್ರಕ್ಕೂ ಹೋಗಲಿಲ್ಲ. ಒರಿಜಿನಲ್ 20 ಇಂಚಿನವನ್ನ ಮಾರ್ಬೇಡ ಅಂತ ಹೇಳಿದೀನಿ, ಕಾರು ಮಾರೋ ದಿನ ಮಾಡಿಫೈ ಮಾಡಿದ್ದಕ್ಕೆ ಯಾರೂ ಜಾಸ್ತಿ ಕೊಡಲ್ಲ, ಒರಿಜಿನಲ್ ಸ್ಥಿತೀಲಿದ್ರೆ ಕೊಡ್ತಾರೆ.

ಹಳದಿ ಕಾರು ಸರಿಹೋಗೋ ಮನುಷ್ಯನೂ ಇದ್ದಾನೆ, ಮನೇಲಿ ಬೇರೆ ಎರಡು ಕಾರಿರ್ಬೇಕು, ಗ್ಯಾರೇಜ್ ಇರ್ಬೇಕು, ಒಣ ಹವೆಯ ದಿನ ಮಾತ್ರ ಹೊರಗೆ ತೆಗೀಬೇಕು, ಟ್ರೇಲರಲ್ಲೋ ಓಡಿಸ್ಕೊಂಡೋ ಟ್ರ್ಯಾಕಿಗೆ ಹೋಗಿ ಬಂದು ಒರೆಸಿ ಇಡ್ಬೇಕು. ಅಂಥವನಿಗೆ ಎ.ಸಿ. ಇಲ್ಲದ್ದು ಗಮನಕ್ಕೂ ಬರಲ್ಲ, ಫ್ಯಾಕ್ಟರಿ ಟ್ಯೂನಿಂಗ್ ಪೂರ್ತಿ ಅನುಭವಕ್ಕೆ ಬರುತ್ತೆ, ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದ ಹೋಂಡಾ ಫ್ಯಾಕ್ಟರಿ 2021ರಲ್ಲಿ ಬಾಗಿಲು ಹಾಕಿದ್ರಿಂದ ಅಲ್ಲಿಂದ ಬಂದ ಕೊನೇ ಟೈಪ್ ಆರ್‌ಗಳಲ್ಲಿ ಒಂದು ಅನ್ನೋ ಬೆಲೆನೂ ಸೇರ್ಕೊಳ್ಳುತ್ತೆ. ಆ ಕಾರು ಆಮೇಲೆ ಯಾರಿಗೆ ಹೋಯ್ತೋ ನಾವು ಕೇಳೋಕೆ ಹೋಗಲಿಲ್ಲ.

ಇವನ ಜಿಟಿಗೆ ಈಗ ಇರೋ ತಕರಾರು ಒಂದೇ, 18 ಇಂಚಿನ ನಾಲ್ಕು ವೀಲು ಇಡೋಕೆ ಜಾಗ ಇಲ್ಲ. ಸದ್ಯಕ್ಕೆ ಬಾಲ್ಕನೀಲಿವೆ, ಬಟ್ಟೆ ಒಣಗಿಸೋ ಸ್ಟ್ಯಾಂಡ್ ಹಿಂದೆ, ಅದರ ಬಗ್ಗೆ ಮನೇಲಿ ಮಾತುಕತೆ ನಡೀತಿದೆ.